ಅಮ್ಮನ ಔಷಧಿ ಊರಿಗೆ ಹೋಗುವ ದಾರಿ

ತಿಂಗಳಿಗೊಮ್ಮೆ, ಶನಿವಾರ ಬೆಳಿಗ್ಗೆ, ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣಕ್ಕೆ ಒಂದು ಸ್ಟೀಲ್ ಫ್ಲಾಸ್ಕ್ ಹಿಡಿದುಕೊಂಡು ಹೋಗುತ್ತೇನೆ. ನೋಡಿದವರು ಒಳಗೆ ಕಾಫಿ ಇದೆ ಅಂದುಕೊಳ್ಳುತ್ತಾರೆ. ಇರುವುದು ಅಮ್ಮನ ಇನ್ಸುಲಿನ್. ಎರಡು ಪುಟ್ಟ ಬಾಟಲಿ, ಸುತ್ತ ಪೇಪರ್, ಅದರಾಚೆ ಒಂದು ಐಸ್ ಜೆಲ್ ಪ್ಯಾಕ್. ಫ್ಲಾಸ್ಕಿನ ಮೈಮೇಲೆ ಬಿಳಿ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಬರೆದಿದ್ದೇನೆ: ‘ಔಷಧಿ. ಬಿಸಿಲಿಗೆ, ಇಂಜಿನ್ ಹತ್ತಿರ ಇಡಬೇಡಿ.’ ಕೆಳಗೆ ನನ್ನ ಫೋನ್ ನಂಬರು.

ಆಗುಂಬೆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬರುತ್ತೇನೆ. ಬಸ್ಸು ಗಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ ದಾಟಿ, ಮೇಗರವಳ್ಳಿಗಿಂತ ಮುಂಚೆ ಒಂದು ಕ್ರಾಸಿನಲ್ಲಿ ಅರೆಗಳಿಗೆ ನಿಲ್ಲುತ್ತದೆ. ಕ್ರಾಸಿನ ಅಂಗಡಿಯವರು ಫ್ಲಾಸ್ಕ್ ಇಸಿದುಕೊಳ್ಳುತ್ತಾರೆ. ಅಲ್ಲಿಂದ ಒಂದೂವರೆ ಕಿಲೋಮೀಟರ್ ಒಳಗೆ ನಮ್ಮ ಮನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಆ ದಾರಿಯಲ್ಲಿ ಬರುವ ಮಕ್ಕಳಲ್ಲಿ ಯಾರಾದರೂ ಒಬ್ಬರು ಅದನ್ನು ಬ್ಯಾಗಿಗೆ ತುರುಕಿಕೊಂಡು ಬಂದು, ದಣಪೆ ಹತ್ತಿರ ನಿಂತು ‘ಅಜ್ಜೀ’ ಅಂತ ಕೂಗುತ್ತಾರೆ. ಅಮ್ಮ ಆ ಮಗುವಿಗೆ ಒಂದು ಬೆಲ್ಲದುಂಡೆಯನ್ನೋ ಬಾಳೆಹಣ್ಣನ್ನೋ ಕೊಟ್ಟು ಫ್ಲಾಸ್ಕ್ ಒಳಗೆ ತೆಗೆದುಕೊಂಡು ಹೋಗುತ್ತಾಳೆ. ಐದಾರು ವರ್ಷದಿಂದ ಹೀಗೇ ನಡೆದಿದೆ.

ಅಮ್ಮನಿಗೆ ಈಗ ಎಪ್ಪತ್ತನಾಲ್ಕು. ಶಿವಮೊಗ್ಗಕ್ಕೆ ಬಂದು ನಮ್ಮ ಜೊತೆ ಇರು ಅಂದರೆ ಬರುವುದಿಲ್ಲ. ತೋಟ ಇದೆ, ಎರಡು ದನ ಇವೆ, ಬೆಳಿಗ್ಗೆ ಎದ್ದರೆ ನೋಡಲು ಗುಡ್ಡ ಇದೆ. ವಾದ ಮಾಡಿ ಸೋತು ನಾನು ಬಿಟ್ಟಿದ್ದೇನೆ. ಅವಳ ಔಷಧಿ ಎಲ್ಲ ತೀರ್ಥಹಳ್ಳಿಯಲ್ಲೂ ಸಿಗುತ್ತದೆ, ಆದರೆ ಡಾಕ್ಟರ್ ಇರುವುದು ಇಲ್ಲಿ, ಚೀಟಿ ನನ್ನ ಹತ್ತಿರ, ಡೋಸ್ ಆಗಾಗ ಬದಲಾಗುತ್ತದೆ, ಹಾಗಾಗಿ ತಿಂಗಳ ಔಷಧಿ ನಾನೇ ತಗೊಂಡು ಕಳಿಸುವುದು ರೂಢಿಯಾಯಿತು.

ಮೊದಲು ಒಂದು ಕೊರಿಯರ್ ಆಫೀಸಿನಲ್ಲಿ ವಿಚಾರಿಸಿದ್ದೆ. ತಣ್ಣಗೆ ಇಡಬೇಕಾದ ವಸ್ತು ತಗೊಳ್ಳಲ್ಲ ಅಂದರು, ಅದು ಸರಿಯೇ. ಆದರೆ ವಿಳಾಸ ನೋಡಿ ‘ಅಲ್ಲಿಗೆಲ್ಲ ಯಾರು ಹೋಗ್ತಾರೆ ಮೇಡಂ’ ಅಂದದ್ದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಅಲ್ಲಿಗೆ ದಿನಾ ಬಸ್ಸು ಹೋಗುತ್ತದೆ. ಜನ ಇದ್ದಾರೆ. ನಮ್ಮಮ್ಮ ಇದ್ದಾಳೆ.

ಮೊದಲ ಸಲ ಕಳಿಸುವಾಗ ನಾನು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ದುರ್ಗಿಗುಡಿಯ ಒಂದು ಮೆಡಿಕಲ್ ಶಾಪಿನಲ್ಲಿ ಇನ್ಸುಲಿನ್ ತಗೊಂಡೆ. ಮನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿಯ ತುಂಬಾ ಫ್ರೀಜರಿನ ಐಸ್ ತಂದಿದ್ದೆ. ಬಾಟಲಿಗಳನ್ನು ಅದರೊಳಗೆ ಹೂತು ಮುಚ್ಚಳ ಹಾಕುತ್ತಿದ್ದೆ. ಪಕ್ಕದಲ್ಲಿ ಚೀಟಿ ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದ ಹಿರಿಯರೊಬ್ಬರು ‘ಅಯ್ಯೋ, ಹಾಗಿಡಬೇಡಿ’ ಅಂದರು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟ ಹಾಗೆ, ಆಮೇಲೆ ಕರಗಿ ನೀರಾದರೂ ಅದು ಕೆಲಸ ಮಾಡಲ್ಲ ಅಂತ ಹೇಳಿದರು. ನನಗೆ ಗೊತ್ತೇ ಇರಲಿಲ್ಲ. ತಂಪಿರಬೇಕು ಅಂದರೆ ಎಷ್ಟು ತಂಪಿದ್ದರೂ ಒಳ್ಳೆಯದೇ ಅಂದುಕೊಂಡಿದ್ದೆ. ತೆರೆಯದ ಬಾಟಲಿಗೆ ಬೇಕಾದದ್ದು 2ರಿಂದ 8 ಡಿಗ್ರಿ, ಅಂದರೆ ಫ್ರಿಜ್ಜಿನ ಬಾಗಿಲಿನ ತಂಪು. ಐಸ್ ನೇರವಾಗಿ ತಾಗಬಾರದು.

ಅವರು ಹೇಳಿ ಸುಮ್ಮನಾಗಲಿಲ್ಲ. ನನ್ನ ಡಬ್ಬಿ ಇಸಿದುಕೊಂಡು ಐಸೆಲ್ಲ ಅಂಗಡಿಯ ಮುಂದಿನ ಚರಂಡಿಗೆ ಸುರಿದರು. ಕೌಂಟರಿನ ಮೇಲಿದ್ದ ಹಳೇ ಪೇಪರ್ ಕೇಳಿ ತಗೊಂಡು, ಒಂದೊಂದು ಬಾಟಲಿಯನ್ನೂ ಬೇರೆ ಬೇರೆ ಸುತ್ತಿದರು. ನಿಧಾನಕ್ಕೆ, ತುದಿ ಮಡಚಿ, ಪೊಟ್ಟಣ ಕಟ್ಟಿದ ಹಾಗೆ. ಅವರ ಬೆರಳ ತುದಿಗಳ ಮೇಲೆ ಸೂಜಿ ಚುಚ್ಚಿದ ಕಪ್ಪು ಚುಕ್ಕಿಗಳು ಕಂಡವು, ಅಮ್ಮನ ಬೆರಳಿನಲ್ಲೂ ಇರುವಂಥವು. ಅಷ್ಟರಲ್ಲಿ ಅಂಗಡಿಯ ಹುಡುಗ ಒಳಗಿನ ಫ್ರಿಜ್ಜಿನಿಂದ ಜೆಲ್ ಪ್ಯಾಕ್ ಒಂದನ್ನು ತಂದು ಕೊಟ್ಟ. ಕಂಪನಿಯಿಂದ ಔಷಧಿ ಬರುವಾಗ ಜೊತೆಗೆ ಬರುವಂಥದ್ದು. ಎಷ್ಟು ಅಂತ ಕೇಳಿದೆ. ‘ಅದಕ್ಕೆಲ್ಲ ದುಡ್ಡಿಲ್ಲ ಅಕ್ಕ’ ಅಂದ. ಹಿರಿಯರು ತಮ್ಮ ಮಾತ್ರೆ ತಗೊಂಡು, ಛತ್ರಿ ಬಿಡಿಸಿ, ನೆಹರು ರಸ್ತೆ ಕಡೆ ನಡೆದುಬಿಟ್ಟರು. ಅವರ ಮುಖ ಈಗ ಸರಿಯಾಗಿ ನೆನಪಿಲ್ಲ. ಪೇಪರ್ ಮಡಚಿದ ಕೈ ಮಾತ್ರ ನೆನಪಿದೆ. ಈಗಲೂ ನಾನು ಹಾಗೇ ಮಡಚುವುದು.

ಆ ದಿನ ಮನೆಗೆ ಬಂದು ಇನ್ಸುಲಿನ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಅದನ್ನು ಕಂಡುಹಿಡಿದರಂತೆ. ಅದಕ್ಕೂ ಮುಂಚೆ, ದೇಹದಲ್ಲಿ ಇನ್ಸುಲಿನ್ನೇ ಆಗದಂಥ ಸಕ್ಕರೆ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಅದನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಅವರ ಜೊತೆಗಾರರು 1923ರಲ್ಲಿ ಅದರ ಪೇಟೆಂಟನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟರು. ಎಲ್ಲೋ ಟೊರಾಂಟೊದಲ್ಲಿ ಕೂತವರಿಗೆ ಮಲೆನಾಡಿನ ನಮ್ಮಮ್ಮ ಯಾರು? ಓದುವಾಗ ಮೈ ಜುಮ್ಮೆಂದಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಒಳ್ಳೇ ಜನ’ ಅಂದಳು, ಪಕ್ಕದ ಮನೆಯವರ ಬಗ್ಗೆ ಹೇಳುವ ಹಾಗೆ.

ಬಸ್ಸಿನಲ್ಲಿ ಸಾಮಾನು ಕಳಿಸುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಮಲೆನಾಡಿನ ಬಸ್ಸು ಅಂದರೆ ಜನರ ಜೊತೆಗೆ ಪೇಪರ್ ಕಟ್ಟು, ಮೋಟಾರು ಪಂಪಿನ ಬಿಡಿಭಾಗ, ಮದುವೆ ಕಾಗದ, ಹಾಸ್ಟೆಲ್ ಮಕ್ಕಳಿಗೆ ಅಮ್ಮಂದಿರು ಕಳಿಸುವ ಕೋಡುಬಳೆ ಡಬ್ಬಿ. ನಾನು ಕಾಲೇಜಿಗೆ ಓಡಾಡುವಾಗ ಕೊಪ್ಪದ ಸಹಕಾರ ಸಾರಿಗೆ ಬಸ್ಸುಗಳಿದ್ದವು. 1991ರಲ್ಲಿ ಕಾರ್ಮಿಕರೇ ಸೇರಿ ಸಂಘ ಕಟ್ಟಿಕೊಂಡು, ತಾವೇ ಮಾಲೀಕರಾಗಿ ನಡೆಸಿದ ಬಸ್ಸುಗಳು. ಆ ಕಂಡಕ್ಟರುಗಳಿಗೆ ದಾರಿಯಲ್ಲಿ ಯಾವ ಮನೆಯ ಮಗಳು ಎಲ್ಲಿ ಓದುತ್ತಾಳೆ ಅಂತಲೂ ಗೊತ್ತಿರುತ್ತಿತ್ತು. ಕತ್ತಲಾದ ಮೇಲೆ ನಾನು ಒಬ್ಬಳೇ ಇಳಿದರೆ, ಕ್ರಾಸಿನಲ್ಲಿ ಅಪ್ಪನ ಟಾರ್ಚ್ ಬೆಳಕು ಕಾಣುವವರೆಗೆ ಬಸ್ಸು ಮುಂದಕ್ಕೆ ಹೋಗುತ್ತಿರಲಿಲ್ಲ. ಒಳಗಿದ್ದವರು ಯಾರೂ ‘ಯಾಕೆ ಲೇಟು’ ಅಂತ ಕೇಳುತ್ತಿರಲಿಲ್ಲ. 2020ರಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು. ಅವತ್ತು ನನಗೆ ಮನೆಯವರೇ ಯಾರೋ ಹೋದಷ್ಟು ಬೇಜಾರಾಯಿತು.

ಈಗ ನಾನು ಹೇಳಬೇಕಾದ್ದು ಹೋದ ಮಳೆಗಾಲದ ಒಂದು ಶನಿವಾರದ ವಿಷಯ.

ಪುನರ್ವಸು ಮಳೆ ಹಿಡಿದು ಒಂದು ವಾರವಾಗಿತ್ತು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಊರಿನಲ್ಲಿ ಕರೆಂಟ್ ಹೋಗಿ ಮೂರು ದಿನ, ಟವರೂ ಸತ್ತಿತ್ತು. ಹಿಂದಿನ ಶನಿವಾರ ನನಗೆ ಜ್ವರ ಬಂದು ಔಷಧಿ ಕಳಿಸಿರಲಿಲ್ಲ. ಅಮ್ಮನ ಹತ್ತಿರ ಇದ್ದ ಬಾಟಲಿಯಲ್ಲಿ ಇನ್ನು ಒಂದು ದಿನದ್ದೋ ಒಂದೂವರೆ ದಿನದ್ದೋ ಉಳಿದಿರಬೇಕು ಅಂತ ನನ್ನ ಲೆಕ್ಕ. ಬೆಳಿಗ್ಗೆ ಎಂಟಕ್ಕೆ ಫ್ಲಾಸ್ಕ್ ಕೊಟ್ಟು, ಕಂಡಕ್ಟರಿಗೆ ‘ಇವತ್ತು ಮುಟ್ಟಲೇಬೇಕು ಅಣ್ಣ’ ಅಂದೆ. ಯಾವತ್ತೂ ಹಾಗೆ ಹೇಳಿದವಳಲ್ಲ. ಅವರು ನನ್ನ ಮುಖ ನೋಡಿ, ಫ್ಲಾಸ್ಕನ್ನು ಎಂದಿನ ಹಾಗೆ ಡ್ರೈವರ್ ಹಿಂದಿನ ಮೂಲೆಗೆ ಇಡದೆ ತಮ್ಮ ಬ್ಯಾಗಿನ ಪಕ್ಕ ಇಟ್ಟುಕೊಂಡರು.

ಹತ್ತೂವರೆಗೆ ಅವರ ಫೋನ್ ಬಂತು. ಮಂಡಗದ್ದೆ ದಾಟಿ ಸ್ವಲ್ಪ ದೂರದಲ್ಲಿ ದೊಡ್ಡ ಮರ ರಸ್ತೆಗೆ ಅಡ್ಡ ಬಿದ್ದಿದೆ, ಜೊತೆಗೆ ಕರೆಂಟ್ ಕಂಬವೂ. ತೆಗೆಯಲು ಸಂಜೆಯಾಗಬಹುದು. ಹೀಗಾದಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ಆಚೆಯ ಬಸ್ಸಿನವರು ಆಚೆ ನಿಲ್ಲುತ್ತಾರೆ, ಈಚೆಯವರು ಈಚೆ. ಜನ ಮರ ದಾಟಿ ಬಸ್ಸು ಅದಲುಬದಲು ಮಾಡಿಕೊಳ್ಳುತ್ತಾರೆ. ಕಂಡಕ್ಟರು ಜನರನ್ನು ದಾಟಿಸಿದ ಮೇಲೆ ಫ್ಲಾಸ್ಕ್ ಹಿಡಿದುಕೊಂಡು ತಾವೂ ದಾಟಿದ್ದಾರೆ. ಆಚೆಯ ಬಸ್ಸು ತೀರ್ಥಹಳ್ಳಿವರೆಗೆ ಮಾತ್ರ ವಾಪಸ್ ಹೋಗುವುದು, ಮುಂದಿನ ಟ್ರಿಪ್ ಇಲ್ಲ. ಅಲ್ಲಿಂದ ಮುಂದಕ್ಕೆ ಯಾರ ಕೈಗೆ ಕೊಡುವುದು? ಅವರು ಮಳೆಯಲ್ಲಿ ನಿಂತು ಬಸ್ಸಿನ ಬಾಗಿಲಲ್ಲಿ ಕೇಳಿದರಂತೆ: ‘ಮೇಗರವಳ್ಳಿ ಕಡೆಯವರು ಯಾರಾದ್ರೂ ಇದ್ದೀರಾ? ಒಬ್ಬರು ಅಜ್ಜಿಯ ಔಷಧಿ.’

‘ಒಬ್ಬರು ಹೆಂಗಸರು ಇಸ್ಕೊಂಡ್ರು ಅಕ್ಕ. ನಮ್ಮನೆ ಆ ಕಡೆಗೇ, ಕೊಡಿ ಇಲ್ಲಿ ಅಂದ್ರು. ಹೆಸರು ಕೇಳಕ್ಕೆ ಆಗ್ಲಿಲ್ಲ, ಬಸ್ ಬಿಟ್ರು. ನೀವು ಹೆದರ್ಬೇಡಿ, ಒಳ್ಳೇವ್ರ ಹಾಗೆ ಕಂಡ್ರು.’

ಹೆದರಬೇಡಿ ಅಂದರೆ ಹೆದರದೆ ಇರಲು ಆಗುತ್ತದಾ? ಅವರ ಹೆಸರು ಗೊತ್ತಿಲ್ಲ, ನಂಬರ್ ಗೊತ್ತಿಲ್ಲ. ಮಧ್ಯಾಹ್ನ ಕಳೆಯಿತು. ಅಮ್ಮನಿಗೆ ಫೋನ್ ಹೋಗುತ್ತಿಲ್ಲ, ಅಂಗಡಿಯವರಿಗೂ ಇಲ್ಲ. ನಾಲ್ಕು ಗಂಟೆಗೆ ತೀರ್ಥಹಳ್ಳಿಯಲ್ಲಿರುವ ನನ್ನ ಗೆಳತಿಯನ್ನು ಬಸ್ ನಿಲ್ದಾಣಕ್ಕೆ ಕಳಿಸಿದೆ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ನಾನು ಅಡುಗೆಮನೆಗೂ ಬಾಗಿಲಿಗೂ ಸುಮ್ನೆ ಓಡಾಡುತ್ತಿದ್ದೆ.

ಏಳೂ ಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಎತ್ತಿದರೆ ಮೊದಲು ಕೇಳಿದ್ದು ಛತ್ರಿಯ ಮೇಲೆ ಮಳೆ ಬೀಳುವ ಸದ್ದು, ಪಟಪಟಪಟ ಅಂತ. ಆಮೇಲೆ ಏದುಸಿರು. ಆಮೇಲೆ ಹೆಂಗಸಿನ ದನಿ.

‘ನಿಮ್ದು ಔಷಧಿ ಬಾಟ್ಲಿ ನಮ್ಮನೇಲಿದೆ. ಇದನ್ನ ಬೆಚ್ಚಗೆ ಇಡ್ಬೇಕಾ, ತಂಪಿಗಾ?’

ಮಳೆಗಾಲದಲ್ಲಿ ಮಲೆನಾಡಿನ ಮನೆಗೆ ಏನೇ ಬಂದರೂ ಮೊದಲು ಒಲೆ ಮೇಲಿನ ಅಟ್ಟಕ್ಕೆ ಹೋಗುತ್ತದೆ, ಬೂಸ್ಟು ಹಿಡಿಯಬಾರದಲ್ಲ. ಅವರೂ ಹಾಗೆ ಇಡಲು ಹೋಗಿ, ಟೇಪಿನ ಮೇಲೆ ಬರೆದದ್ದು ಓದಿ, ಅನುಮಾನ ಬಂದು ಕೈ ತಡೆದಿದ್ದಾರೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಈ ಒಂದು ಮಾತು ಕೇಳಲಿಕ್ಕೆ ಕತ್ತಲಲ್ಲಿ, ಆ ಮಳೆಯಲ್ಲಿ, ಮನೆ ಹಿಂದಿನ ಗುಡ್ಡ ಹತ್ತಿ ಬಂದಿದ್ದಾರೆ. ನಾನು ಒಲೆ ಹತ್ತಿರ ಬೇಡ, ಈ ಚಳಿಗೆ ಹೊರಗಿದ್ದರೆ ಸಾಕು ಅಂದೆ. ಅವರು ಇನ್ನೊಂದು ಪ್ರಶ್ನೆ ಕೇಳಿದರು. ‘ಅಜ್ಜಿಗೆ ಇವತ್ತು ರಾತ್ರಿಗೆ ಉಂಟಾ? ಇಲ್ಲ ಅಂದ್ರೆ ಈಗ್ಲೇ ಮಗನ್ನ ಕಳಿಸ್ತೇನೆ.’

ಅವರ ಮನೆಯಿಂದ ನಮ್ಮ ಕ್ರಾಸಿಗೆ ನಾಲ್ಕು ಕಿಲೋಮೀಟರ್. ದಾರಿಯಲ್ಲಿ ಒಂದು ಕಡೆ ಧರೆ ಜರಿದಿದೆ ಅಂತ ಅವರೇ ಹೇಳಿದರು. ಹೇಳಿದ ಮೇಲೂ ಮಗನನ್ನು ಕಳಿಸುತ್ತೇನೆ ಅಂದರು. ನಾನು ರಾತ್ರಿಗೆ ಇದೆ, ಬೆಳಿಗ್ಗೆ ಸಿಕ್ಕರೆ ಸಾಕು ಅಂದೆ. ನನ್ನ ಲೆಕ್ಕ ಸರಿ ಇರಲಪ್ಪಾ ಅಂತ ಬೇಡಿಕೊಂಡೇ ಅಂದೆ. ಮರುದಿನ ಬೆಳಗಿನ ಜಾವ ಅವರು ಫ್ಲಾಸ್ಕನ್ನು ಹಾಲಿನ ಗಾಡಿಯವನ ಕೈಗೆ ಕೊಟ್ಟರು. ಅವನು ನಮ್ಮ ಕ್ರಾಸಿನಲ್ಲಿ ಹಾಲಿನ ಪ್ಯಾಕೆಟ್ ಇಳಿಸುವಾಗ ಅದನ್ನೂ ಇಳಿಸಿದ. ಶಾಲೆ ಮಕ್ಕಳಿಲ್ಲ ಅಂತ ಅಂಗಡಿಯವರು ಅಂಗಡಿಯನ್ನು ಹೆಂಡತಿಗೆ ಬಿಟ್ಟು, ತಾವೇ ನಡೆದು ಹೋಗಿ ಕೊಟ್ಟು ಬಂದರು. ಅಮ್ಮ ಬೆಳಗಿನ ಡೋಸ್ ಹಳೇ ಬಾಟಲಿಯ ತಳದಲ್ಲಿ ಉಳಿದದ್ದನ್ನೇ ತಗೊಂಡು ಮುಗಿಸಿದ್ದಳಂತೆ. ಸಂಜೆಯದಕ್ಕೆ ಇರಲಿಲ್ಲ.

ಆ ಸಂಜೆ ಏಳೂ ಕಾಲಿನ ತನಕ ನನ್ನ ಎದೆಯ ಮೇಲೆ ಏನೋ ಕೂತಿತ್ತಲ್ಲ, ಫೋನ್ ಇಟ್ಟ ಮೇಲೆ ಅದು ಎಲ್ಲಿಗೆ ಹೋಯಿತು ಅಂತ ಆಮೇಲೆ ಯೋಚಿಸಿದೆ. ಅದು ಅವರ ಮನೆಗೆ ಹೋಗಿತ್ತು. ಫ್ಲಾಸ್ಕ್ ಎಷ್ಟು ಭಾರ, ಮುಕ್ಕಾಲು ಕೆಜಿ ಇರಬಹುದು, ಅದನ್ನು ಹೊರುವುದು ಕಷ್ಟವಲ್ಲ. ಯಾರದೋ ಅಮ್ಮನ ಔಷಧಿ ಇವತ್ತು ನನ್ನ ಮನೆಯಲ್ಲಿದೆ, ಕೆಟ್ಟರೆ ಏನು ಮಾಡಲಿ ಅಂತ ಒಂದು ರಾತ್ರಿ ಮಲಗುವುದಿದೆಯಲ್ಲ, ಅದು ಕಷ್ಟ. ಅವರು ಅದನ್ನು ‘ಕೊಡಿ ಇಲ್ಲಿ’ ಅಂತ ಎರಡೇ ಮಾತಿನಲ್ಲಿ ಇಸಿದುಕೊಂಡಿದ್ದರು.

ಇದನ್ನು ಬರೆಯುವಾಗ ನನಗೆ ನನ್ನದೇ ಒಂದು ವಿಷಯ ಹೇಳದೆ ಇರಲು ಆಗುತ್ತಿಲ್ಲ. ಮೂರು ವರ್ಷದ ಹಿಂದೆ ನಾನು ಊರಿಗೆ ಹೊರಟಿದ್ದಾಗ, ಇದೇ ನಿಲ್ದಾಣದಲ್ಲಿ ಒಬ್ಬ ಹುಡುಗ ಬಂದು ಬಟ್ಟೆ ಚೀಲ ಹಿಡಿದು, ‘ಆಂಟಿ, ತೀರ್ಥಹಳ್ಳಿಯಲ್ಲಿ ನಮ್ಮ ಮಾವ ಬಂದು ಇಸ್ಕೊಳ್ತಾರೆ’ ಅಂದ. ನಾನು ಆಗಲ್ಲ ಅಂದೆ. ಒಳಗೆ ಏನಿದೆಯೋ, ಯಾಕೆ ಬೇಕು ಅಂತ. ಹುಷಾರಾಗಿರಬೇಕು ನಿಜ, ಗೊತ್ತಿಲ್ಲದವರ ಗಂಟು ಹಿಡಿದು ತೊಂದರೆಗೆ ಸಿಕ್ಕವರಿದ್ದಾರೆ. ಆದರೆ ಚೀಲ ಬಿಚ್ಚಿ ತೋರಿಸು ಅಂತ ಕೇಳಬಹುದಿತ್ತು. ಎಲ್ಲಿಂದ ಬಂದೆ, ಏನು ಅಂತ ಎರಡು ಮಾತಾಡಬಹುದಿತ್ತು. ಅವನು ಇನ್ನೊಬ್ಬರನ್ನು ಕೇಳಿದ, ಅವರೂ ತಲೆ ಅಲ್ಲಾಡಿಸಿದರು. ಬಸ್ಸು ಹೊರಟಾಗ ಚೀಲ ಅವನ ಕೈಯಲ್ಲೇ ಇತ್ತು. ಆ ದಿನದ ನನ್ನ ಮುಖವನ್ನು ಆ ಹುಡುಗ ನೋಡಿದ್ದಾನೆ ಅನ್ನುವುದು ನನಗೆ ಈಗಲೂ ನೋವು.

ಹೋದ ಮಳೆಗಾಲದ ಆ ಶನಿವಾರದಿಂದ ಪೇಟೆಗೆ ಹೋದಾಗ ಕಣ್ಣು ಬೇರೆ ಥರ ನೋಡುತ್ತಿದೆ. ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಮೊನ್ನೆ ಫೋನ್‌ಪೇ ಆಗಲಿಲ್ಲ, ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ. ಕಟ್ಟು ವಾಪಸ್ ಇಡಲು ಹೋದರೆ ‘ತಗೊಂಡೋಗವ್ವ, ಸಾರು ಮಾಡೋ ಹೊತ್ತಾಯ್ತು’ ಅಂದರು. ನನ್ನನ್ನು ಅವರು ಮುಂಚೆ ಯಾವತ್ತೂ ನೋಡಿಲ್ಲ. ಅಂಚೆ ಕಚೇರಿಯಲ್ಲಿ ಒಬ್ಬ ಕಾಲೇಜು ಹುಡುಗಿ ತನ್ನ ಸರದಿ ಬಂದರೂ ಬಿಟ್ಟು, ಹಿಂದಿದ್ದ ಅಜ್ಜನ ಹಣ ತೆಗೆಯುವ ಫಾರಂ ತುಂಬುತ್ತಿದ್ದಳು. ಅಜ್ಜ ಹೆಬ್ಬೆಟ್ಟು ಒತ್ತಿದ ಮೇಲೆ ತನ್ನ ದುಪಟ್ಟಾದ ತುದಿಯಿಂದಲೇ ಶಾಯಿ ಒರೆಸಿಕೊಳ್ಳಲು ಕೊಟ್ಟಳು. ಶಾಯಿ ಕಲೆ ಹೋಗಲ್ಲ, ಅವಳಿಗೂ ಗೊತ್ತಿರುತ್ತದೆ.

ಫ್ಲಾಸ್ಕ್ ಇಸಿದುಕೊಂಡಿದ್ದ ಆ ಹೆಂಗಸರಿಗೆ ಮರುದಿನವೇ ಫೋನ್ ಮಾಡಿದೆ, ಹೋಗಲಿಲ್ಲ. ನಾಲ್ಕನೇ ದಿನ ಸಿಕ್ಕರು. ನಾನು ಅಳುವ ಹಾಗಾಗಿ ಏನೇನೋ ಹೇಳಲು ಹೊರಟೆ. ಅವರು ಅದನ್ನು ಬೆಳೆಯಲು ಬಿಡಲಿಲ್ಲ. ‘ಅದಕ್ಕೆಂತ, ಇರ್ಲಿ ಬಿಡಿ. ಅಜ್ಜಿ ಹುಷಾರಾ?’ ಅಂದರು. ಆಮೇಲೆ, ‘ನಿಮ್ಮ ಬಾಟ್ಲಿ ಮುಚ್ಚಳದ ರಬ್ಬರ್ ಹೋಗಿದೆ, ನೋಡಿದ್ರಾ? ಸಡಿಲ ಆಗಿತ್ತು. ನಾನು ಬಟ್ಟೆ ಕಟ್ಟಿದೆ. ಬೇರೆ ಹಾಕ್ಸಿ’ ಅಂದರು. ಮನೆ ಎಲ್ಲಿ, ಬರುತ್ತೇನೆ ಅಂದೆ. ಮಳೆ ಬಿಡ್ಲಿ ಬನ್ನಿ ಅಂತ ಕ್ರಾಸು, ಹಳ್ಳ ದಾಟುವ ಸಾರ, ಹಲಸಿನ ಮರ ಎಲ್ಲ ಗುರುತು ಹೇಳಿದರು.

ಆ ತಿಂಗಳು ಫ್ಲಾಸ್ಕ್ ವಾಪಸ್ ಬಂದಾಗ ಮುಚ್ಚಳದ ಸುತ್ತ ಒಂದು ಬಟ್ಟೆಪಟ್ಟಿ ಇತ್ತು. ಹಳೇ ಹತ್ತಿ ಸೀರೆಯ ಅಂಚು, ಒಗೆದು ಒಗೆದು ಮೆತ್ತಗಾದ ಹಸಿರು. ಎರಡು ಸುತ್ತು ಸುತ್ತಿ, ಬಿಚ್ಚಲು ಸುಲಭವಾಗುವ ಹಾಗೆ ಗಂಟು ಹಾಕಿದ್ದರು. ಅಮ್ಮ ಅದನ್ನು ಬಿಸಾಡದೆ ಒಗೆದು, ಒಣಗಿಸಿ, ಹಾಗೇ ಕಟ್ಟಿ ಕಳಿಸಿದ್ದಳು. ಜೊತೆಗೆ ಎರಡು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ. ಖಾಲಿ ಪಾತ್ರೆ ವಾಪಸ್ ಕಳಿಸಬಾರದು ಅನ್ನುವುದು ಅವಳ ಕ್ರಮ, ಇನ್ಸುಲಿನ್ ಫ್ಲಾಸ್ಕಿಗೆ ಉಪ್ಪಿನಕಾಯಿ ಹಾಕಲು ಆಗಲ್ಲವಲ್ಲ, ಅದಕ್ಕೆ ಬೇರೆ ಬಾಟಲಿ. ಒಂದು ಕಂಡಕ್ಟರಿಗೆ. ಇನ್ನೊಂದು ಆ ಹೆಂಗಸರಿಗೆ, ನಾನೇ ಹೋಗಿ ಕೊಡಬೇಕಂತೆ.

ಗಾಂಧಿ ಬಜಾರಿನ ಪಾತ್ರೆ ಅಂಗಡಿಗೆ ಹೋಗಿ ಹೊಸ ರಬ್ಬರ್ ಕೇಳಿದೆ. ಅಂಗಡಿಯವರು ರಬ್ಬರುಗಳ ತಗಡಿನ ಡಬ್ಬಿಯನ್ನೇ ಕೌಂಟರಿನ ಮೇಲೆ ಸುರಿದು, ಒಂದೊಂದನ್ನೇ ಹಾಕಿ ತೆಗೆದು, ಏಳೋ ಎಂಟೋ ನೋಡಿ ಸರಿಯಾದದ್ದು ಕೂರಿಸಿದರು. ಹತ್ತು ರೂಪಾಯಿ ತಗೊಂಡರು. ‘ಇನ್ನು ಬಟ್ಟೆ ಬೇಡ, ಟೈಟಾಗಿದೆ’ ಅಂತ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಮುಂದಿನ ಶನಿವಾರ ಔಷಧಿ ತುಂಬಿ, ಪೇಪರ್ ಮಡಚಿ, ಮುಚ್ಚಳ ತಿರುಗಿಸಿದೆ. ಗಟ್ಟಿಯಾಗೇ ಕೂತಿತು. ಆದರೂ ಆ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿ ಕಂಡಕ್ಟರಿಗೆ ಕೊಟ್ಟೆ.